ಬೆಟ್ಟಕ್ಕೆ ಹೊರಟವರ ಮಳೆಯಂಗಿ

ಮಳೆಯಿಂದ ಮೈ ಕಾಯ್ದುಕೊಳ್ಳುವ ವಿಷಯವನ್ನು ದುಧನಿಯವರು ಬರೆಯಹೊರಟರೆಂದರೆ ವಾಚಕರಲ್ಲಿ ಕೆಲವರಿಗಾದರೂ ನಗೆ ಬಂದೀತು. ಮಿರಗ ಕೂಡಿದ ದಿನದಿಂದ ಮುಗಿಲಿಗೆ ಮುಖಮಾಡಿ ಕುಳಿತುಕೊಳ್ಳುವ ಸೀಮೆ ನಮ್ಮದು. ಸೊಲ್ಲಾಪುರ ಜಿಲ್ಲೆಗೆ ವರ್ಷವೊಂದಕ್ಕೆ ಸ್ಥೂಲವಾಗಿ 600–700 ಮಿಲಿಮೀಟರು ಮಳೆ. ಅದರಲ್ಲಿಯೂ ದೊಡ್ಡ ಪಾಲು ಸಪ್ಟೆಂಬರಿನಲ್ಲಿ, ಹುಬ್ಬಿ-ಉತ್ತರಿ ಮಳೆಗಳ ಕಾಲಕ್ಕೆ. ಇದೇ ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ 5,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. 1972ರ ಬರಗಾಲವನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ನಮ್ಮ ಓಣಿಗಳಲ್ಲಿದ್ದಾರೆ. ಮಳೆಯನ್ನು ಬೇಡಿಕೊಂಡು ಗೊತ್ತೇ ವಿನಾ ಅದರಿಂದ ತಪ್ಪಿಸಿಕೊಂಡು ಅವರಿಗೆ ಗೊತ್ತಿಲ್ಲ. ಒಂದು ಹಳೆಯ ಕೊಡೆ, ಒಂದು ಕಂಬಳಿ ಇದ್ದರೆ ನಮ್ಮ ಮನೆಗಳ ಮಳೆಗಾಲದ ಸಿದ್ಧತೆ ಮುಗಿಯಿತು.

ಆದರೆ ಮಕ್ಕಳ ಕಾಲ ಬೇರೆಯಾಗಿದೆ. ಪುಣೆಯಲ್ಲಿ, ಬೆಂಗಳೂರಿನಲ್ಲಿ ಓದುವ, ನೌಕರಿ ಮಾಡುವ ನಮ್ಮ ಹುಡುಗ-ಹುಡುಗಿಯರು ಆಷಾಢ ಬಂತೆಂದರೆ ಮಳೆಯನ್ನೇ ಹುಡುಕಿಕೊಂಡು ಸಹ್ಯಾದ್ರಿಯ ಕಡೆಗೆ ಹೊರಡುತ್ತಾರೆ. ರಾಜಗಡ, ತೋರಣಾ, ಕಳಸೂಬಾಯಿ ಎಂದು ಹೆಸರು ಹೇಳುತ್ತಾರೆ. ಕರ್ನಾಟಕದ ಕಡೆಯವರು ಕುದುರೆಮುಖ, ಮುಳ್ಳಯ್ಯನಗಿರಿ ಎನ್ನುತ್ತಾರೆ. ಮೊನ್ನೆ ನಮ್ಮ ಅಣ್ಣನ ಮಗ ಕಳಸೂಬಾಯಿಗೆ ಹೊರಡುವ ಮುನ್ನ ನಮ್ಮಲ್ಲಿಗೆ ಬಂದು, "ಕಾಕಾ, ಹಗರ ಇರಬೇಕು, ಅಗ್ಗ ಇರಬೇಕು, ಮಳಿ ಒಳಗ ಬರಬಾರದು. ಅಂಥಾ ಜಾಕೀಟ ಯಾವುದಾರ ಅದ ಏನ್ರಿ?" ಎಂದು ಕೇಳಿದ.

ಈ ಪ್ರಶ್ನೆ ಅವನೊಬ್ಬನದಲ್ಲವೆಂದು ತೋರಿದ ಕಾರಣ ಈ ತಿಂಗಳ ಪುಟವನ್ನು ಇದಕ್ಕೇ ಮೀಸಲಿಟ್ಟಿದ್ದೇವೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಹಗುರ, ಅಗ್ಗ, ಜಲನಿರೋಧ ಈ ಮೂರೂ ಒಂದೇ ಅಂಗಿಯಲ್ಲಿ ದೊರೆಯುವುದುಂಟು. ಆದರೆ ಹಾಗೆ ದೊರೆತ ಅಂಗಿ ಮೈಯ ಬೆವರನ್ನು ಹೊರಗೆ ಬಿಡುವುದಿಲ್ಲ. ಆ ನಾಲ್ಕನೆಯ ಗುಣಕ್ಕೆ ಹಣ ತೆರಬೇಕು, ಇಲ್ಲವೆ ನಮ್ಮ ಜಾಣ್ಮೆಯಿಂದ ನಿಭಾಯಿಸಬೇಕು. ಹೆಚ್ಚಿನ ನಮ್ಮ ಮನೆಗಳಿಗೆ ಎರಡನೆಯ ದಾರಿಯೇ ಗತಿ.

ರಾಜಗಡದಲ್ಲಿ ಕಲಿತ ಪಾಠ

ಈ ವಿಷಯದಲ್ಲಿ ನಾವು ಪಂಡಿತರೇನೂ ಅಲ್ಲ. ಪೆಟ್ಟು ತಿಂದು ಕಲಿತವರು. ಎರಡು ವರ್ಷಗಳ ಹಿಂದೆ ಆಷಾಢದಲ್ಲಿ ನಾವು, ನಮ್ಮ ಮನೆಯವರು ಮತ್ತು ಇದೇ ಹುಡುಗ, ಸೊಲ್ಲಾಪುರದಿಂದ ರಾತ್ರಿಯ ಗಾಡಿ ಹಿಡಿದು ಪುಣೆಗೆ ಹೋಗಿ, ಅಲ್ಲಿಂದ ಗುಂಜವಣೆ ಗ್ರಾಮ ಸೇರಿ ರಾಜಗಡವನ್ನು ಹತ್ತಿದೆವು. ರಾಯಗಡಕ್ಕೆ ಹೋಗುವ ಮೊದಲು ಶಿವಾಜಿ ಮಹಾರಾಜರು ಎರಡು ದಶಕಕ್ಕೂ ಹೆಚ್ಚು ಕಾಲ ರಾಜಧಾನಿಯಾಗಿ ಇಟ್ಟುಕೊಂಡಿದ್ದ ಕೋಟೆ ಅದು. ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರ. ನಾವಿಬ್ಬರು ಹಳೆಯ ಕಾಲದ ದಪ್ಪ ರೇನ್‌ಕೋಟು ಹೊತ್ತು ಹೋಗಿದ್ದೆವು. ಹುಡುಗನಿಗೆ ಮಾತ್ರ ಪೇಟೆಯ ಅಂಗಡಿಯೊಂದರಲ್ಲಿ ಹೊಸದೊಂದು ಜಾಕೆಟ್ಟು ಕೊಡಿಸಿದ್ದೆವು. ಹೂವಿನಂತೆ ಹಗುರ, ಅಗ್ಗದ ಬೆಲೆ, ಎದೆಯ ಮೇಲೆ ‘ವಾಟರ್‌ಪ್ರೂಫ್’ ಎಂಬ ದೊಡ್ಡ ಅಕ್ಷರ. ಮತ್ತೇನು ಬೇಕು ಎಂದುಕೊಂಡೆವು.

ಚೋರ ದರವಾಜೆಯ ಕಡಿದಾದ ಏರಿನಲ್ಲಿ ಹುಡುಗ ಜಾಕೆಟ್ಟು ತೊಟ್ಟೇ ಹತ್ತಿದ. ಒಳಗಿನ ಹತ್ತಿಯ ಅಂಗಿ ಬೆವರಿನಿಂದ ತೊಯ್ದು ಹೋಯಿತು. ಮೇಲೆ ಪದ್ಮಾವತಿ ಮಾಚಿಗೆ ಬರುವಷ್ಟರಲ್ಲಿ ಅಡ್ಡಮಳೆ, ಅದರೊಡನೆ ನಿಂತವರನ್ನು ನೂಕುವಂಥ ಗಾಳಿ. ಅರ್ಧ ತಾಸಿನಲ್ಲಿ ಜಾಕೆಟ್ಟಿನ ಭುಜಗಳಿಂದಲೂ ಹೊಲಿಗೆಗಳಿಂದಲೂ ನೀರು ಒಳಗಿಳಿಯಿತು. ಕೆಳಗೆ ಜೀನ್ಸು ಪ್ಯಾಂಟು ನೀರು ಕುಡಿದು ಕಾಲಿಗೆ ಅಂಟಿತ್ತು. "ಚಳಿ ಆಗಲಿಕತ್ತದೇನೋ ತಮ್ಮಾ?" ಎಂದು ಕೇಳಿದರೆ "ಇಲ್ಲ ಕಾಕಾ" ಎಂದ. ಆ ಎರಡು ಮಾತು ಹೇಳುವಾಗಲೇ ಅವನ ನಾಲಗೆ ತೊದಲಿತು. ಕೈಬೆರಳುಗಳು ಸೆಟೆದಿದ್ದವು. ಜಾಕೆಟ್ಟಿನ ಚೈನು ತೆಗೆಯಲು ಅವನಿಂದ ಆಗಲಿಲ್ಲ.

ನಮ್ಮ ಮನೆಯವರಿಗೆ ಸಮಯಸ್ಫೂರ್ತಿ ಹೆಚ್ಚು. ಅವನನ್ನು ಗುಡಿಯ ಆಸರೆಗೆ ಕರೆದೊಯ್ದು, ತೊಯ್ದ ಬಟ್ಟೆಯನ್ನೆಲ್ಲ ಬಿಚ್ಚಿಸಿ, ಮೈ ಒರೆಸಿ, ಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಂಡಿದ್ದ ಸೊಲ್ಲಾಪುರದ ಚಾದರವನ್ನು ಎರಡು ಪದರು ಮಾಡಿ ಹೊದಿಸಿದರು. ಅಲ್ಲಿ ಒಲೆ ಹೂಡಿದ್ದ ಹಳ್ಳಿಗರೊಬ್ಬರು ಸಕ್ಕರೆ ಹೆಚ್ಚಾಗಿ ಹಾಕಿ ಚಹಾ ಮಾಡಿಕೊಟ್ಟರು. ಹುಡುಗ ಮೊದಲಿನಂತೆ ಮಾತಾಡಲು ಒಂದು ತಾಸು ಹಿಡಿಯಿತು. ಆ ಒಂದು ತಾಸು ನಾವು ಮನಸ್ಸಿನಲ್ಲಿ ವೈನಿಯವರಿಗೆ ಏನು ಹೇಳುವುದೆಂದು ಯೋಚಿಸುತ್ತ ಕುಳಿತಿದ್ದೆವು. ಊರಿಗೆ ಬಂದ ಮೇಲೆ ವೈದ್ಯರನ್ನು ಕೇಳಿದಾಗ ಅವರು ವಿವರಿಸಿದರು: ಮೈಯ ಒಳಗಿನ ಶಾಖ 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಅಪಾಯದ ಆರಂಭ, ಅದಕ್ಕೆ ಹಿಮ ಬೀಳಬೇಕೆಂದೇನೂ ಇಲ್ಲ. ಬೆಟ್ಟದ ಮೇಲೆ ಪ್ರತಿ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿ ಶಾಖ ಇಳಿಯುತ್ತದೆ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಮೀರಿದ ವೇಗದಲ್ಲಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಮೇಲೆ ಬೀಸುಗಾಳಿ ಸೇರಿದರೆ ನಮ್ಮ ಸಹ್ಯಾದ್ರಿಯ ಮಳೆಗಾಲವೇ ಸಾಕು. ಬೇಸಿಗೆಯಲ್ಲಿ 43–44 ಡಿಗ್ರಿ ತಾಳಿಕೊಳ್ಳುವ ನಮ್ಮ ಮಕ್ಕಳಿಗೆ ಚಳಿಯ ಗುರುತು ಹತ್ತುವುದು ತಡ. ಕಾರಣ ಮಳೆಯಂಗಿಯ ಆಯ್ಕೆಯನ್ನು ಷೋಕಿಯ ಮಾತೆಂದು ತಳ್ಳಿಹಾಕಬಾರದು.

ಕಂಬಳಿಯೂ ಗೊರಬೂ

ಮನೆಗೆ ಬಂದು ಆ ಜಾಕೆಟ್ಟಿನ ಮೇಲೆ ತಂಬಿಗೆಯಿಂದ ನೀರು ಸುರಿದು ನೋಡಿದೆವು. ಮೊದಲು ಕಮಲದೆಲೆಯ ಮೇಲಿನಂತೆ ಹನಿಹನಿಯಾಗಿ ಜಾರಿತು. ಕಾಲು ತಾಸಿನಲ್ಲಿ ಬಟ್ಟೆ ಬಣ್ಣಗೆಟ್ಟು ನೀರು ಕುಡಿಯಿತು. ಒಳಗೆ ಯಾವ ಲೇಪವೂ ಇರಲಿಲ್ಲ. ಹೊರಗೆ ನೀರು ಜಾರಿಸುವ ತೆಳು ಉಪಚಾರವೊಂದೇ ಇತ್ತು. ಅದು ಗಾಳಿಯಂಗಿಯಾಗಿ ಉತ್ತಮವಾಗಿತ್ತು; ಮಳೆಯಂಗಿ ಆಗಿರಲಿಲ್ಲ. ನೀರನ್ನು ಸ್ವಲ್ಪ ಹೊತ್ತು ತಡೆಯುವುದು ಬೇರೆ, ನೀರನ್ನು ಒಳಗೆ ಬಿಡದಿರುವುದು ಬೇರೆ. ಕೊಳ್ಳುವವರು ಮೊದಲು ಗಮನಿಸತಕ್ಕದ್ದು ಈ ಭೇದವನ್ನು.

ಆ ಸಂಜೆ ನಮ್ಮ ಮುತ್ಯಾನವರ ಕರಿಕಂಬಳಿ ನೆನಪಾಯಿತು. ಕಂಬಳಿಯ ಒಂದು ತುದಿಯನ್ನು ಮಡಿಚಿ ಕುಂಚಿಗೆ ಮಾಡಿ ತಲೆಗೇರಿಸಿ ಅವರು ಹೊಲಕ್ಕೆ ಹೋಗುತ್ತಿದ್ದರು. ಕುರಿಯ ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ತನ್ನೊಳಗೆ ಅಡಗಿಸಿಕೊಂಡರೂ ಮುಟ್ಟಿದವರಿಗೆ ಹಸಿ ಎನಿಸುವುದಿಲ್ಲ. ತೊಯ್ದರೂ ಬಿಸುಪು ಬಿಡುವುದಿಲ್ಲ. ಆದರೆ ಒಣಗಿದಾಗಲೇ ಎರಡು ಕಿಲೋ ತೂಗುವ ಕಂಬಳಿ, ಮಳೆಯಲ್ಲಿ ನೆನೆದರೆ ಹೊತ್ತವನ ಹೆಗಲು ಮುರಿಯುತ್ತದೆ. ಮಲೆನಾಡಿನವರು ಎಲೆ, ಬಿದಿರಿನಿಂದ ಹೆಣೆದ ಗೊರಬನ್ನು ಬೆನ್ನಿಗೆ ಕವುಚಿಕೊಂಡು ನಾಟಿ ಮಾಡುತ್ತಿದ್ದರು. ಅದರ ಗುಣವೇನೆಂದರೆ, ಮೇಲಿನಿಂದ ನೀರು ಬಾರದು, ಕೆಳಗಿನಿಂದ ಗಾಳಿ ಆಡುತ್ತದೆ; ಬಗ್ಗಿ ದುಡಿಯುವವನ ಬೆವರು ಆರುತ್ತದೆ. ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ವಾರಕರಿಗಳು ಹಾಳೆ ಪ್ಲಾಸ್ಟಿಕ್ಕನ್ನು ಕುಂಚಿಗೆಯಂತೆ ಹೊದ್ದು ಹೋಗುವುದನ್ನು ನಮ್ಮ ಜಿಲ್ಲೆಯವರೆಲ್ಲರೂ ಕಂಡಿದ್ದಾರೆ. ಬಯಲುದಾರಿಗೆ ಅದಕ್ಕಿಂತ ಅಗ್ಗ, ಅದಕ್ಕಿಂತ ಹಗುರ ಬೇರೊಂದಿಲ್ಲ. ಬೆಟ್ಟದ ಗಾಳಿಗೆ ಮಾತ್ರ ಅದು ಹತ್ತು ನಿಮಿಷದಲ್ಲಿ ಹರಿದು ಧ್ವಜವಾಗುತ್ತದೆ.

ಕಂಬಳಿ ಬಿಸುಪು ಕಾಯುತ್ತದೆ, ಗೊರಬು ಗಾಳಿಯಾಡಿಸುತ್ತದೆ, ಪ್ಲಾಸ್ಟಿಕ್ಕು ನೀರು ತಡೆಯುತ್ತದೆ. ಈ ಮೂರನ್ನೂ ಒಂದೇ ಬಟ್ಟೆಯಲ್ಲಿ ಕೂಡಿಸಲು ಜಗತ್ತು ಇನ್ನೂರು ವರ್ಷಗಳಿಂದ ಹೆಣಗುತ್ತಿದೆ. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಶ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರಿನ ಪದರನ್ನಿಟ್ಟು ಮಳೆಬಟ್ಟೆಗೆ ಹಕ್ಕುಪತ್ರ ಪಡೆದ. ಅದು ಬಿಸಿಲಿಗೆ ಅಂಟುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು. ಚಾರ್ಲ್ಸ್ ಗುಡ್‌ಇಯರ್ ಗಂಧಕ ಕೂಡಿಸಿ ರಬ್ಬರನ್ನು ಹದಗೊಳಿಸುವ ವಿಧಾನ ಕಂಡುಹಿಡಿದ ಮೇಲೆ ಆ ದೋಷ ಕಡಿಮೆಯಾಯಿತು. ನಮ್ಮ ದೇಶದಲ್ಲಿ 1920ರಲ್ಲಿ ಸುರೇಂದ್ರ ಮೋಹನ ಬೋಸರು ಕಲಕತ್ತೆಯಲ್ಲಿ ಬೆಂಗಾಲ್ ವಾಟರ್‌ಪ್ರೂಫ್ ಕಾರ್ಖಾನೆ ತೆರೆದರು; ಅವರ ‘ಡಕ್‌ಬ್ಯಾಕ್’ ಹೆಸರಿನ ಕೋಟು ನಮ್ಮ ತಂದೆಯವರ ತಲೆಮಾರಿನ ಎಷ್ಟೋ ನೌಕರಸ್ಥರ ಮನೆಯ ಗೂಟಕ್ಕೆ ತೂಗುತ್ತಿತ್ತು. ಆ ಮೇಲೆ 1969ರಲ್ಲಿ ಅಮೆರಿಕದ ಬಾಬ್ ಗೋರ್ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ಅದರಲ್ಲಿ ಕಣ್ಣಿಗೆ ಕಾಣದ ಕೋಟಿ ರಂಧ್ರಗಳು ಮೂಡಿದವು. ನೀರಿನ ಹನಿ ದಾಟಲಾರದಷ್ಟು ಚಿಕ್ಕವು, ಬೆವರಿನ ಆವಿ ದಾಟುವಷ್ಟು ದೊಡ್ಡವು. ‘ಗೋರ್-ಟೆಕ್ಸ್’ ಎಂಬ ಹೆಸರಿನಿಂದ 1970ರ ದಶಕದಲ್ಲಿಯೇ ಪೇಟೆಗೆ ಬಂದ ಆ ಬಟ್ಟೆ ಇಂದಿಗೂ ತುಟ್ಟಿ. ನಮ್ಮ ಮಾತು ಅಗ್ಗದ ಅಂಗಿಯ ಕುರಿತಾದ್ದರಿಂದ ಅದನ್ನು ದೂರದಿಂದಲೇ ನಮಸ್ಕರಿಸಿ ಮುಂದೆ ಹೋಗುತ್ತೇವೆ.

ಅಂಗಡಿಯಲ್ಲಿ ಏನು ನೋಡಬೇಕು

ಪೇಟೆಯಲ್ಲಿ ಅಗ್ಗದ ಮಳೆಯಂಗಿಗಳು ಮುಖ್ಯವಾಗಿ ಮೂರು ಜಾತಿ. ಒಂದು, ಪಿ.ವಿ.ಸಿ. ಬಟ್ಟೆಯ ರೇನ್‌ಕೋಟು: ಮೋಟಾರು ಸೈಕಲಿನವರು ತೊಡುವಂಥದು. ನೀರು ಖಂಡಿತ ಬಾರದು. ಆದರೆ ಭಾರ ಹೆಚ್ಚು, ತೊಟ್ಟು ಬೆಟ್ಟ ಹತ್ತಿದರೆ ಒಳಗೆ ಬೆವರಿನ ಮಳೆ. ಎರಡು, ಲೇಪವಿಲ್ಲದ ತೆಳು ಜಾಕೆಟ್ಟು: ನಮ್ಮ ಹುಡುಗನಿಗೆ ಕೈಕೊಟ್ಟ ಜಾತಿ. ಮೂರು, ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಗೆ ಒಳಬದಿಯಿಂದ ಪಾಲಿಯುರಿಥೇನ್ ಲೇಪ ಕೊಟ್ಟದ್ದು. ಇದು ಸುಮಾರು 200ರಿಂದ 350 ಗ್ರಾಂ ತೂಗುತ್ತದೆ, ಮಡಿಚಿದರೆ ತನ್ನ ಜೇಬಿನೊಳಗೇ ಅಡಗುತ್ತದೆ, ಬೆಲೆಯೂ ಸಾಮಾನ್ಯರ ಕೈಗೆ ಎಟುಕುತ್ತದೆ. ನಮ್ಮ ಮತ ಈ ಮೂರನೆಯದಕ್ಕೆ.

ಇದರ ಚೀಟಿಯ ಮೇಲೆ 2,000 ಮಿ.ಮೀ., 5,000 ಮಿ.ಮೀ. ಎಂದು ಬರೆದಿರುತ್ತದೆ. ಇದು ಮಳೆಯ ಅಳತೆಯಲ್ಲ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ತುಂಬುತ್ತ ಹೋದರೆ, ಎಷ್ಟು ಎತ್ತರದ ನೀರಿನ ಕಂಬದ ಒತ್ತಡಕ್ಕೆ ಬಟ್ಟೆ ಜಿನುಗತೊಡಗುತ್ತದೆ ಎಂಬುದರ ಅಳತೆ. 1,500 ಮಿಲಿಮೀಟರು, ಎಂದರೆ ಒಂದೂವರೆ ಮೀಟರು ತಡೆದ ಬಟ್ಟೆಯನ್ನು ಜಲನಿರೋಧಕ ಎನ್ನುವ ವಾಡಿಕೆ ಇದೆ. ಆದರೆ ಬೆನ್ನಚೀಲದ ಪಟ್ಟಿ ಒತ್ತುವ ಭುಜದಲ್ಲಿ, ಕುಳಿತಾಗ ಒತ್ತುವ ಕಡೆ, ಒತ್ತಡ ಮಳೆಹನಿಗಿಂತ ಹೆಚ್ಚು. ಕಾರಣ ಬೆಟ್ಟಕ್ಕೆ ಒಯ್ಯುವುದಾದರೆ 3,000ದಿಂದ 5,000ದ ವರೆಗಿನದನ್ನು ಆರಿಸಬೇಕು. 10,000, 20,000ಕ್ಕೆ ಆಸೆಪಟ್ಟು ಹೆಚ್ಚಿನ ಹಣ ತೆರುವ ಅವಶ್ಯಕತೆ ಒಂದು ದಿನದ ಚಾರಣಕ್ಕಿಲ್ಲ. ಅಂಕಿಯೇ ಇಲ್ಲದೆ ಬರಿಯ ‘ವಾಟರ್‌ಪ್ರೂಫ್’ ಅಕ್ಷರವಿದ್ದರೆ ಸಂಶಯಪಡುವುದು ಒಳ್ಳೆಯದು.

ಬಟ್ಟೆಯ ನೂಲಿನ ದಪ್ಪವನ್ನು ‘ಡೆನಿಯರ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸೊಲ್ಲಾಪುರದ ಮಗ್ಗದವರಿಗೆ ಇದು ಹೊಸ ಮಾತಲ್ಲ: 9,000 ಮೀಟರು ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರು. ಇಪ್ಪತ್ತರದು ಬಲು ಹಗುರ. ಆದರೆ ಸಹ್ಯಾದ್ರಿಯ ಕವಳಿಕಂಟಿ ಒಮ್ಮೆ ಹಿಡಿದರೆ ಮುಗಿಯಿತು. ನಲವತ್ತರಿಂದ ಎಪ್ಪತ್ತರ ನಡುವಿನದು ನಮ್ಮಂಥವರಿಗೆ ಸರಿ. ಹಾಸು-ಹೊಕ್ಕಿನಲ್ಲಿ ನಡುನಡುವೆ ದಪ್ಪ ಎಳೆ ಬಿಟ್ಟು ಚೌಕಳಿ ಮೂಡಿಸಿದ ಬಟ್ಟೆ ದೊರೆತರೆ ಇನ್ನೂ ಒಳ್ಳೆಯದು. ಅದು ಹರಿದರೂ ಹರಿತ ಮುಂದಕ್ಕೆ ಓಡುವುದಿಲ್ಲ.

ಬಟ್ಟೆಗಿಂತ ಮುಖ್ಯವಾದದ್ದು ಹೊಲಿಗೆ. ಸೂಜಿ ಹೋದಲ್ಲೆಲ್ಲ ತೂತು. ಒಂದು ಅಂಗಿಯಲ್ಲಿ ಅಂಥ ತೂತು ಸಾವಿರಾರು. ಅಂಗಿಯನ್ನು ಒಳಹೊರಗು ತಿರುವಿ ನೋಡಿರಿ. ಹೊಲಿಗೆಗಳ ಮೇಲೆ ಬೆರಳಗಲದ ಹೊಳೆಯುವ ಟೇಪು ಅಂಟಿಸಿದ್ದರೆ ಅದು ಮಳೆಯಂಗಿ. ಭುಜ, ಟೊಪ್ಪಿಗೆ, ತೋಳಿನ ಕೂಡು ಈ ಮೂರೂ ಕಡೆ ಟೇಪು ಇರಲೇಬೇಕು. ಎಷ್ಟೋ ಅಂಗಿಗಳಲ್ಲಿ ಭುಜಕ್ಕೆ ಮಾತ್ರ ಇಟ್ಟು ಕಂಕುಳಲ್ಲಿ ಬಿಟ್ಟಿರುತ್ತಾರೆ.

ಆ ಮೇಲೆ ಚೈನು. ಮುಂದಿನ ಚೈನಿನ ಮೇಲೆ ಬಟ್ಟೆಯ ಪಟ್ಟಿ ಮುಚ್ಚಿಕೊಳ್ಳುವಂತಿರಬೇಕು. ಟೊಪ್ಪಿಗೆಗೆ ಬಿಗಿಯುವ ದಾರ ಬೇಕು, ಹಣೆಯ ಮೇಲೆ ಸ್ವಲ್ಪ ಚಾಚು ಬೇಕು. ತಲೆ ತಿರುವಿದಾಗ ಟೊಪ್ಪಿಗೆಯೂ ತಿರುಗಬೇಕು. ಇಲ್ಲದಿದ್ದರೆ ಪಕ್ಕಕ್ಕೆ ನೋಡಿದವನಿಗೆ ಟೊಪ್ಪಿಗೆಯ ಒಳಗೋಡೆಯೇ ಕಾಣುತ್ತದೆ, ಪ್ರಪಾತ ಕಾಣುವುದಿಲ್ಲ. ಮುಂಗೈಯನ್ನು ಬಿಗಿಯುವ ಪಟ್ಟಿ ಇರಲಿ. ಕಬ್ಬಿಣದ ಸರಳು ಹಿಡಿದು ಹತ್ತುವಾಗ ಎತ್ತಿದ ಕೈಯೊಳಗಿನಿಂದಲೇ ನೀರು ಕಂಕುಳಿಗೆ ಇಳಿಯುತ್ತದೆ. ಕಂಕುಳಲ್ಲಿ ಗಾಳಿ ಬಿಡುವ ಚೈನು ಇದ್ದರೆ ಗೊರಬಿನ ಗುಣ ಬಂದಂತೆ. ಅಳತೆಯಲ್ಲಿ ಒಂದು ಅಂಕಿ ದೊಡ್ಡದನ್ನೇ ಕೊಳ್ಳಬೇಕು. ಒಳಗೆ ಬೆಚ್ಚನೆಯ ಅಂಗಿಯೊಂದು ಹಿಡಿಯಬೇಕು, ಕೆಳಗೆ ಸೊಂಟ ಮುಚ್ಚಬೇಕು. ನಮ್ಮ ಹೆಣ್ಣುಮಕ್ಕಳಿಗೆ ಕುರ್ತಾದ ಮೇಲೆ ತೊಡುವಂತೆ ತೊಡೆಯವರೆಗೆ ಬರುವ ಉದ್ದ ಒಳಿತು. ಬಣ್ಣ ಕೆಂಪು, ಕಿತ್ತಳೆ, ಹಳದಿ ಇರಲಿ. ಕಪ್ಪು, ಹಸಿರು ಬಣ್ಣದವರು ಮಂಜಿನಲ್ಲಿ ಹತ್ತು ಹೆಜ್ಜೆಗೆ ಮರೆಯಾಗುತ್ತಾರೆ.

ಮನೆಯಲ್ಲಿ ಪರೀಕ್ಷೆ

ಕೊಂಡ ದಿನವೇ ಮೂರು ಪರೀಕ್ಷೆ ಮಾಡಿರಿ. ಕೆಟ್ಟದ್ದಾದರೆ ಬದಲಿಸಿ ತರಲು ಸಮಯವಿರುತ್ತದೆ. ಮೊದಲನೆಯದು, ಬಟ್ಟೆಗೆ ಬಾಯಿ ಹಚ್ಚಿ ಜೋರಾಗಿ ಊದುವುದು. ಆ ಕಡೆ ಇಟ್ಟ ಅಂಗೈಗೆ ಗಾಳಿ ತಗುಲಿದರೆ ಅಲ್ಲಿ ಲೇಪವಿಲ್ಲ. ಎರಡನೆಯದು, ಅಂಗಿಯ ಬೆನ್ನನ್ನು ಬುಟ್ಟಿಯಂತೆ ಮಾಡಿ ಒಂದು ಚರಿಗೆ ನೀರು ಹಾಕಿ ಅರ್ಧ ತಾಸು ತೂಗುಹಾಕುವುದು. ಹೊಲಿಗೆ ಬಂದ ಕಡೆ ಕೆಳಗೆ ಕಾಗದ ಹಾಸಿದರೆ ಜಿನುಗು ತಿಳಿಯುತ್ತದೆ. ಮೂರನೆಯದು, ಅಂಗಿ ತೊಟ್ಟು ಬೆನ್ನಚೀಲ ಹೊತ್ತು ಬಚ್ಚಲಲ್ಲಿ ಹತ್ತು ನಿಮಿಷ ಮೇಲಿನಿಂದ ನೀರು ಹೊಯ್ಯಿಸಿಕೊಳ್ಳುವುದು. ಈ ಮೂರನೆಯ ಪರೀಕ್ಷೆಗೆ ನಮ್ಮ ಮನೆಯಲ್ಲಿ ಹುಡುಗರ ದೊಡ್ಡ ಗುಂಪೇ ನೆರೆದಿತ್ತು. ನೀರು ಹೊಯ್ಯುವವರಿಗೆ ಬರವಿರಲಿಲ್ಲ. ತೂಕವನ್ನು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಯೇ ನೋಡಬಹುದು. ಚೀಟಿಯ ತೂಕಕ್ಕೂ ತಕ್ಕಡಿಯ ತೂಕಕ್ಕೂ ಭೇದ ಕಂಡೀತು.

ಬೆವರಿನ ಲೆಕ್ಕ

ಇಷ್ಟೆಲ್ಲ ನೋಡಿ ತಂದರೂ ಅಗ್ಗದ ಅಂಗಿ ಬೆವರನ್ನು ಹೊರಗೆ ಬಿಡದು. ‘ಉಸಿರಾಡುವ ಬಟ್ಟೆ’ ಎಂದು ಬರೆದದ್ದೂ ನಮ್ಮ ಮಳೆಗಾಲದಲ್ಲಿ ಪೂರ್ತಿ ಕೆಲಸ ಮಾಡುವುದಿಲ್ಲ. ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಆಷಾಢದ ಸಹ್ಯಾದ್ರಿಯಲ್ಲಿ ಹೊರಗಿನ ಗಾಳಿಯೇ ನೀರು ಕುಡಿದು ನಿಂತಿರುತ್ತದೆ. ಕಾರಣ ಉಪಾಯವನ್ನು ನಾವೇ ಮಾಡಿಕೊಳ್ಳಬೇಕು.

ಹತ್ತುವಾಗ ಮೈ ಕಾಯುತ್ತದೆ. ಸಣ್ಣ ಮಳೆಯಿದ್ದರೆ ಅಂಗಿಯನ್ನು ಚೀಲದಲ್ಲಿಟ್ಟು ತೊಯ್ಯುತ್ತಲೇ ಹತ್ತುವುದು, ಅಥವಾ ಚೈನು ಬಿಚ್ಚಿ ಗಾಳಿಯಾಡಿಸುತ್ತ ನಿಧಾನವಾಗಿ ನಡೆಯುವುದು. ಗಾಳಿಯಿಲ್ಲದ ಕಾಡುದಾರಿಯಲ್ಲಿ ಕೊಡೆಯಷ್ಟು ಒಳ್ಳೆಯ ಮಳೆಸಾಧನ ಬೇರೊಂದಿಲ್ಲ. ನಿಂತ ಕೂಡಲೇ, ಬಯಲಿಗೆ ಬಂದ ಕೂಡಲೇ, ಗಾಳಿ ತಗುಲಿದ ಕೂಡಲೇ ಅಂಗಿ ತೊಟ್ಟುಕೊಳ್ಳಬೇಕು. ನಡುಕ ಬಂದ ಮೇಲೆ ಅಲ್ಲ. ಒಳಗೆ ಹತ್ತಿಯ ಬಟ್ಟೆ ಬೇಡ. ನೇಕಾರರ ನಾಡಿನವರಾಗಿ ಈ ಮಾತು ಬರೆಯಲು ನಮಗೆ ಸಂಕೋಚವಿದೆ; ಆದರೂ ಹತ್ತಿ ನೀರನ್ನು ಹಿಡಿದಿಟ್ಟುಕೊಂಡು ಮೈಯನ್ನು ತಣ್ಣಗೆ ಮಾಡುತ್ತದೆಂಬುದು ಸತ್ಯ. ಆಟಗಾರರು ತೊಡುವ ತೆಳು ಪಾಲಿಯೆಸ್ಟರಿನ ಅಂಗಿ, ಬೇಗ ಆರುವ ಪ್ಯಾಂಟು ಸಾಕು. ಜೀನ್ಸು ಸರ್ವಥಾ ವರ್ಜ್ಯ. ಉಣ್ಣೆಯದೊಂದು ತೆಳು ಸ್ವೆಟರು ಚೀಲದಲ್ಲಿರಲಿ. ಎಲ್ಲಕ್ಕೂ ಮಿಗಿಲಾಗಿ, ಒಂದು ಜೊತೆ ಒಣಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಇಟ್ಟು, ಬೆಟ್ಟ ಇಳಿಯುವವರೆಗೆ ಬಿಚ್ಚಬಾರದು. ಆಪತ್ತು ಬಂದರೆ ಮಾತ್ರ ಅದಕ್ಕೆ ಅಪವಾದ. ಅಂದು ರಾಜಗಡದಲ್ಲಿ ಹುಡುಗನನ್ನು ಉಳಿಸಿದ್ದು ಜಾಕೆಟ್ಟಲ್ಲ, ಒಣಗಿದ ಚಾದರ.

ಜೊತೆಯವರಲ್ಲಿ ಯಾರಾದರೂ ತಡೆಯಲಾರದೆ ನಡುಗುತ್ತಿದ್ದರೆ, ಎಡವುತ್ತಿದ್ದರೆ, ಮಾತು ತೊದಲಿದರೆ, ಸುಮ್ಮನೆ ಮಂಕಾಗಿ ಕುಳಿತರೆ, ಅವರು "ಏನಿಲ್ಲ" ಎಂದರೂ ನಂಬಬೇಡಿರಿ. ಗಾಳಿಯ ಮರೆಗೆ ಕರೆದೊಯ್ದು, ಒಣಬಟ್ಟೆ ಹಾಕಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪೇಯ ಕೊಟ್ಟು, ಆದಷ್ಟು ಬೇಗ ಕೆಳಗಿಳಿಸಿರಿ. ಕೈಕಾಲು ಜೋರಾಗಿ ಉಜ್ಜುವುದು, ಮದ್ಯ ಕುಡಿಸುವುದು ಎರಡೂ ಅಪಾಯ.

ಕಾಪಿಡುವ ಬಗೆ

ಅಗ್ಗದ ಅಂಗಿ ಬಾಳುವುದು ಕಾಪಿಟ್ಟವರ ಕೈಯಲ್ಲಿ. ಪಾಲಿಯುರಿಥೇನ್ ಲೇಪಕ್ಕೆ ಶಾಖವೂ ತೇವವೂ ಶತ್ರು. ತೊಯ್ದದ್ದನ್ನು ಹಾಗೆಯೇ ಮಡಿಚಿ, ನಮ್ಮೂರಿನ ಚೈತ್ರ-ವೈಶಾಖದ ಬಿಸಿಲಲ್ಲಿ ತಗಡಿನ ಮಾಡಿನ ಕೆಳಗೆ ಟ್ರಂಕಿನಲ್ಲಿಟ್ಟರೆ, ಮುಂದಿನ ಮಿರಗಕ್ಕೆ ತೆಗೆದಾಗ ಒಳಗೆ ಅಂಟಂಟಾಗಿ ಹೊಟ್ಟಿನಂತೆ ಉದುರುತ್ತದೆ. ಊರಿಗೆ ಬಂದ ದಿನವೇ ತಣ್ಣೀರಲ್ಲಿ, ಮೃದು ಸಾಬೂನಿನಲ್ಲಿ ಕೈಯಿಂದ ತೊಳೆದು, ಹಿಂಡದೆ ನೆರಳಲ್ಲಿ ಆರಹಾಕಬೇಕು. ಬಟ್ಟೆ ಒಗೆಯುವ ಪುಡಿ, ನೀಲಿ, ಬಂಡೆಗೆ ಬಡಿಯುವುದು ಸಲ್ಲದು. ಪೂರ್ತಿ ಆರಿದ ಮೇಲೆ ಬಿಗಿಯಾಗಿ ಮಡಿಚದೆ, ತಂಪಾದ ಕೋಣೆಯಲ್ಲಿ ಗೂಟಕ್ಕೆ ತೂಗುಹಾಕಬೇಕು. ಹೊರಮೈಯ ಮೇಲೆ ಹನಿ ಜಾರದೆ ಹರಡತೊಡಗಿದರೆ, ಆ ಉಪಚಾರ ಸವೆದಿದೆಯೆಂದು ತಿಳಿಯಬೇಕು. ಅದನ್ನು ಮತ್ತೆ ಕೊಡುವ ಸಿಂಪರಣೆ ದ್ರವ ಪೇಟೆಯಲ್ಲಿ ದೊರೆಯುತ್ತದೆ. ಸಣ್ಣ ಹರಿತಕ್ಕೆ ಸೂಜಿ ಹಾಕಬೇಡಿರಿ, ಅಂಟುವ ತೇಪೆ ಹಚ್ಚಿರಿ. ಪ್ರತಿ ವರ್ಷ ಮಿರಗಕ್ಕೆ ಮುಂಚೆ ಮೇಲೆ ಹೇಳಿದ ನೀರಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರೆ ಒಂದು ಅಂಗಿ ಮೂರು-ನಾಲ್ಕು ಮಳೆಗಾಲ ಬಂದೀತು.

ಅಂಗಿಗೆ ಮೀರಿದ್ದು

ಕೊನೆಯ ಮಾತು. ಮಳೆಯಂಗಿ ಮಳೆಯಿಂದ ಕಾಯುತ್ತದೆ. ಹೊಳೆಯಿಂದ ಕಾಯುವುದಿಲ್ಲ, ಸಿಡಿಲಿನಿಂದ ಕಾಯುವುದಿಲ್ಲ. 2024ರ ಜೂನ್ 30ರಂದು ಲೋಣಾವಳದ ಭೂಶಿ ಆಣೆಕಟ್ಟಿನ ಹಿಂಬದಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ನೀರಿನ ಸೆಳವಿಗೆ ಸಿಕ್ಕಿ ತೀರಿಕೊಂಡದ್ದನ್ನು ವಾಚಕರು ಮರೆತಿರಲಾರರು. ಬಿಸಿಲುನಾಡಿನ ನಮಗೆ ಹರಿವ ನೀರು ಕಂಡರೆ ಇಳಿಯುವ ಆಸೆ ಹೆಚ್ಚು, ಅದರ ರಭಸದ ಅಂದಾಜು ಕಡಿಮೆ. ನಳದುರ್ಗದ ಪಾಣಿಮಹಲಿನ ಜಲಧಾರೆಯನ್ನು ಕೋಟೆಯ ಮೇಲೆ ನಿಂತು ನೋಡಿದ ಅನುಭವವನ್ನು ಸಹ್ಯಾದ್ರಿಯ ಹಳ್ಳಕ್ಕೆ ಅನ್ವಯಿಸಬಾರದು. ಅಲ್ಲಿ ಮೇಲೆ ಮಳೆಯಾದರೆ ಕೆಳಗೆ ಕ್ಷಣಾರ್ಧದಲ್ಲಿ ಪ್ರವಾಹ. ಕರ್ನಾಟಕದ ಬೆಟ್ಟಗಳಿಗೆ ಹೋಗುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಿರಬೇಕು. ಮಳೆಗಾಲದಲ್ಲಿ ಕೆಲವು ದಾರಿಗಳು ಮುಚ್ಚಿರುತ್ತವೆ. ಮುಚ್ಚಿದ ದಾರಿಯಿಂದ ಮರಳಿ ಬರುವುದರಲ್ಲಿ ಅವಮಾನವೇನೂ ಇಲ್ಲ.

ನಮ್ಮ ಹುಡುಗ ಈ ಸಲ ಪುಣೆಯಲ್ಲಿ ತಾನೇ ಅಂಗಡಿ ಸುತ್ತಿ ಒಂದು ಕಿತ್ತಳೆ ಬಣ್ಣದ ಅಂಗಿ ತಂದ. ಚೀಟಿಯ ಮೇಲೆ 3,000. ತಕ್ಕಡಿಯಲ್ಲಿ 280 ಗ್ರಾಂ. ಹೊಲಿಗೆಗೆಲ್ಲ ಟೇಪು ಉಂಟು. ಬಚ್ಚಲಿನ ಪರೀಕ್ಷೆಯಲ್ಲಿ ಎಡ ಮುಂಗೈಯಲ್ಲಿ ಸ್ವಲ್ಪ ಹಸಿ ಕಂಡಿತು. ಪಟ್ಟಿ ಬಿಗಿದ ಮೇಲೆ ಅದೂ ನಿಂತಿತು. ಮಹಾರಾಷ್ಟ್ರದ ಅತಿ ಎತ್ತರದ ಶಿಖರವಾದ ಕಳಸೂಬಾಯಿಯ 1,646 ಮೀಟರು ಹತ್ತಿ, ಮೇಲೆ ಗಾಳಿ ಹೆಚ್ಚಾಗಿದ್ದರಿಂದ ಹೆಚ್ಚು ಹೊತ್ತು ನಿಲ್ಲದೆ ಇಳಿದು ಬಂದನಂತೆ. ಬೆವರಿನಿಂದ ಬೆನ್ನು ತೊಯ್ದಿತ್ತು, ಮಳೆಯಿಂದಲ್ಲ ಎಂದು ಹೇಳಿದ. ಒಣಬಟ್ಟೆಯ ಗಂಟನ್ನು ಬಿಚ್ಚುವ ಪ್ರಸಂಗ ಬರಲಿಲ್ಲವಂತೆ. ಅದನ್ನು ಹಾಗೆಯೇ ತಂದು ತನ್ನ ಕಾಕುವಿನ ಕೈಗೆ ಕೊಟ್ಟ. ಅವರು ಗಂಟು ಬಿಚ್ಚಿ, ಒಳಗಿನ ಸೊಲ್ಲಾಪುರದ ಚಾದರವನ್ನು ಬಿಸಿಲಿಗೆ ಹಾಕಿ, ಮುಂದಿನ ಸಲಕ್ಕೆಂದು ಮತ್ತೆ ಪೆಟ್ಟಿಗೆಯಲ್ಲಿಟ್ಟರು.